ಒಣಗದ ತೊಗಲು

ಇನ್ನೊಬ್ಬರ ಗಾಡಿ ಹತ್ತಿ ಕೂತ ಕೂಡಲೇ ರೈನ್‌ಹೋಲ್ಡ್ ವೈಕುಮ್ ಕಣ್ಣು ಮುಚ್ಚಿಬಿಡುತ್ತಿದ್ದರು. ಚಾಲಕನ ಪಕ್ಕದ ಸೀಟಿನಲ್ಲಿ ಬೆನ್ನು ನೆಟ್ಟಗಿಟ್ಟು, ಎರಡೂ ಅಂಗೈಗಳನ್ನು ಮೊಣಕಾಲುಗಳ ಮೇಲೆ ಬೋರಲಾಗಿಸಿ, ಗದ್ದವನ್ನು ತುಸು ಮೇಲಕ್ಕೆತ್ತಿ, ಹಸುವಿನ ಪಕ್ಕೆಗೆ ಕಿವಿಯಾನಿಸಿ ನಿಂತ ನನ್ನಂಥ ದನದ ಡಾಕ್ಟರನ ಏಕಾಗ್ರತೆಯಿಂದ, ತಮ್ಮ ಅಂಗಡಿಯಿಂದ ಊರಾಚೆಯ ಸಕ್ಕರೆ ಕಾರ್ಖಾನೆಯವರೆಗಿನ ಆರು ಮೈಲಿ, ಅಲ್ಲಿಂದ ಮರಳಿ ಆರು ಮೈಲಿ, ಒಂದು ಮಾತೂ ಇಲ್ಲದೆ ಪ್ರಯಾಣ ಮಾಡುತ್ತಿದ್ದರು. ಗಾಡಿ ಅಂಗಡಿಯ ಮುಂದೆ ನಿಂತ ಮೇಲೆ ಕಣ್ಣು ತೆರೆದು, ಗಿರಾಕಿಯ ದೇಹದ ಬಗ್ಗೆ ಗಿರಾಕಿಗೇ ಗೊತ್ತಿಲ್ಲದ ಸಂಗತಿಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಎಡಕ್ಕೆ ತಿರುಗುವಾಗ ಬಲ ಸೊಂಟ ಸೀಟು ಬಿಟ್ಟು ಏಳುತ್ತದೆ. ಬ್ರೇಕು ತುಳಿಯುವ ಮೊದಲು ಉಸಿರು ಹಿಡಿಯುವ ಅಭ್ಯಾಸವಿದೆ. ಹಿಂದಿನ ಜೇಬಿನಲ್ಲಿ ದಪ್ಪ ಪಾಕೀಟಿಟ್ಟುಕೊಂಡು ಇಪ್ಪತ್ತು ವರ್ಷ ಗಾಡಿ ಓಡಿಸಿದ್ದಕ್ಕೇ ಬೆನ್ನುಮೂಳೆ ಹಾಗೆ ಸೊಟ್ಟಗಾಗಿದೆ. ಇಷ್ಟು ಹೇಳಿದ ಬಳಿಕ, ಮೂರು ಪ್ರಶ್ನೆ. ಈ ಗಾಡಿಯಲ್ಲಿ ಇನ್ನು ಯಾರು ಯಾರು ಕೂರುತ್ತಾರೆ? ಯಾವ ಯಾವ ದಾರಿಯಲ್ಲಿ ಓಡಿಸುತ್ತೀಯ? ನಿನಗೆ ಯಾರ ಭಯ?

ಮೂರಕ್ಕೂ ಉತ್ತರ ಸಿಕ್ಕದ ಹೊರತು ಅವರು ಅಳತೆಪಟ್ಟಿ ತೆಗೆಯುತ್ತಿರಲಿಲ್ಲ.

ಅವರ ಕಸುಬು ಪಿಸ್ತೂಲಿನ ಒರೆ ಹೊಲಿಯುವುದು. ಸೊಂಟಕ್ಕೆ ಕಟ್ಟುವ ಒರೆಯಲ್ಲ, ಗಾಡಿಯೊಳಗೆ ಕೂರಿಸುವ ಒರೆ. ಅಪ್ಪನ ಕಾಲದಲ್ಲಿ ಆ ಅಂಗಡಿ ಕುದುರೆಯ ಜೀನುಗಳದ್ದಾಗಿತ್ತು. ಅಮೆರಿಕದ ವಯೋಮಿಂಗಿನ ನಮ್ಮ ಈ ಬಯಲಲ್ಲಿ ಕುದುರೆಗಳು ಕಡಿಮೆಯಾಗಿ ಪಿಕಪ್ಪುಗಳು ಹೆಚ್ಚಾದಂತೆ ರೈನ್‌ಹೋಲ್ಡ್ ಜೀನು ಬಿಟ್ಟು ಗಾಡಿಯ ಸೀಟುಗಳ ಹೊಲಿಗೆಗೆ ಇಳಿದರು. ಸೀಟುಗಳ ಸಂದಿಯಲ್ಲಿ, ಬಾಗಿಲ ಜೇಬಿನಲ್ಲಿ, ತೊಡೆಯ ಕೆಳಗೆ, ಕಡಲೆಸಿಪ್ಪೆಗಳ ನಡುವೆ ಬಿದ್ದಿರುತ್ತಿದ್ದ ಪಿಸ್ತೂಲುಗಳನ್ನು ಕಂಡು ಕಂಡು ಈ ಕಸುಬಿಗೆ ಬಂದರು. ಒಬ್ಬ ಯುವ ರೈತ ಅದನ್ನು ಕಾಫಿ ಲೋಟ ಇಡುವ ಗುಂಡಿಯಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿಕೊಂಡು ಬಂದಿದ್ದನಂತೆ. ರೈನ್‌ಹೋಲ್ಡ್ ಅದನ್ನೇ ಬಹಳ ಹೊತ್ತು ನೋಡಿ, "ಮತ್ತೆ ಕಾಫಿ ಎಲ್ಲಿಡ್ತೀಯಪ್ಪಾ?" ಎಂದು ಕೇಳಿದ್ದರಂತೆ.

ಕುಳ್ಳಗೆ, ಭುಜಗಳು ಮಾತ್ರ ಅಗಲವಾಗಿ, ರಷ್ಯಾದಲ್ಲಿ ನೆಲೆಸಿದ್ದು, ಅಲ್ಲಿಂದ ಸಕ್ಕರೆಗೆಡ್ಡೆ ಬೆಳೆಯಲು ಬಂದ ಜರ್ಮನರ ಮೂರನೆಯ ತಲೆಮಾರಿನ ಆಳು. ಹರೆಯದಲ್ಲಿ ಕುದುರೆಯೊಂದು ಮೈಮೇಲೆ ಬಿದ್ದು ಎಡಗಾಲು ಒಂದು ಅಂಗುಲ ಗಿಡ್ಡವಾಗಿತ್ತು. ಎರಡು ಹೆಜ್ಜೆ ನಡೆದು ಮೂರನೆಯದಕ್ಕೆ ಅರೆಕ್ಷಣ ನಿಲ್ಲುತ್ತಿದ್ದರು. ಏನೋ ಮರೆತದ್ದು ಆಗತಾನೇ ನೆನಪಾಯಿತೆಂಬಂತೆ ತೋರುತ್ತಿದ್ದ ಆ ನಿಲುಗಡೆಯಿಂದಾಗಿ ಅವರ ಹಿಂದೆ ನಡೆಯುವವರು ಅವರ ಬೆನ್ನಿಗೆ ಡಿಕ್ಕಿ ಹೊಡೆಯುವುದು ಸಾಮಾನ್ಯವಾಗಿತ್ತು. ಮೈಮೇಲೆ ಬೇಸಗೆಯಲ್ಲೂ ಕಂದು ಬಣ್ಣದ ಒಂದು ದಪ್ಪ ಕ್ಯಾನ್ವಾಸ್ ಕೋಟು. ಅದರ ಜೇಬುಗಳಲ್ಲಿ ಮೇಣ ತಿಕ್ಕಿದ ದಾರ, ಸೀಮೆಸುಣ್ಣದ ತುಂಡು, ತೊಗಲನ್ನು ಉಜ್ಜುವ ಎಲುಬಿನ ಚಪ್ಪಟೆ ತುಂಡು. ಬಲ ತೋಳಿನ ತುದಿ ಎಣ್ಣೆ ಕುಡಿದು ಕುಡಿದು ತಾನೇ ತೊಗಲಾಗಿಬಿಟ್ಟಿತ್ತು. ಯಾವ ಮಾತಿಗೂ ಅವರ ಮೊದಲ ಉತ್ತರ "ಇರಲಿ, ನೋಡೋಣ". ಮಳೆ ಬರುತ್ತದೆಯೇ ಎಂದರೂ ಅದೇ, ಹೊಸ ಪಾದ್ರಿಯ ಉಪದೇಶ ಹೇಗಿತ್ತು ಎಂದರೂ ಅದೇ. ಅಂಗಡಿಯ ಮುಂಭಾಗದಲ್ಲಿ ಡೇರೆಗಳಿಗೆ ತೇಪೆ ಹಾಕುತ್ತ, ಜಾಕೆಟ್ಟುಗಳ ಜಿಪ್ಪು ಸರಿಮಾಡುತ್ತ ಕೂರುತ್ತಿದ್ದ ಅವರ ತಂಗಿ ಒಟಿಲಿ, ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು, ಅವರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು.

"ಒರೆ ಕೇಳೋಕೆ ಬಂದವರನ್ನ ನಮ್ಮಣ್ಣ ಹೆಣ್ಣು ಕೇಳೋಕೆ ಬಂದವರ ಥರ ವಿಚಾರಿಸ್ತಾನೆ," ಎಂದು ಆಕೆ ನನಗೊಮ್ಮೆ ಹೇಳಿದ್ದಳು. "ಅದಕ್ಕೇ ಅರ್ಧ ಜನ ವಾಪಸ್ ಬರೋದೇ ಇಲ್ಲ."

ನಾನು ಅವರ ಬಳಿ ಹೋದದ್ದು ನನ್ನದೇ ಮೂರ್ಖತನದಿಂದ. ನನ್ನ ಕೆಲಸದಲ್ಲಿ ಪಿಸ್ತೂಲು ಅನಿವಾರ್ಯ. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಕಾಲು ಮುರಿದ ಕುದುರೆಯನ್ನು, ಕಂದಕದಲ್ಲಿ ಬಿದ್ದು ನರಳುವ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯನ್ನು ಔಷಧಿಯಿಂದ ಕೊನೆಗಾಣಿಸಲು ಅವಕಾಶವೇ ಸಿಗುವುದಿಲ್ಲ. ಹತ್ತಿರ ಹೋದರೆ ಒದೆಯುತ್ತವೆ. ಹಾಗಾಗಿ ಸೀಟಿನ ಕೆಳಗೆ ಟವೆಲಿನಲ್ಲಿ ಸುತ್ತಿ ಒಂದು ರಿವಾಲ್ವರು ಇಟ್ಟುಕೊಂಡಿದ್ದೆ. ಒಂದು ಬೆಳಿಗ್ಗೆ ರಸ್ತೆಗೆ ಜಿಗಿದ ಜಿಂಕೆಯೊಂದಕ್ಕಾಗಿ ಬ್ರೇಕು ತುಳಿದೆ. ಪೆಡಲು ಅರ್ಧ ಇಳಿದು ಅಲ್ಲೇ ನಿಂತಿತು. ಟವೆಲು ಬಿಚ್ಚಿಕೊಂಡು ಮುಂದೆ ಜಾರಿದ್ದ ರಿವಾಲ್ವರು ಬ್ರೇಕಿನ ಅಡಿಗೆ ಸಿಕ್ಕಿಹಾಕಿಕೊಂಡಿತ್ತು. ಜಿಂಕೆ ಬದುಕಿತು, ನಾನೂ ಬದುಕಿದೆ, ಪಿಕಪ್ಪು ಮಾತ್ರ ನೀರಿನ ಕಾಲುವೆಯಲ್ಲಿ ಮೂಗೂರಿತು. ಇದನ್ನು ತಮಾಷೆಯೆಂದು ಬಗೆದು ಒಟಿಲಿಯ ಮುಂದೆ ಬಣ್ಣಿಸುತ್ತಿದ್ದಾಗ ಒಳಗಿನಿಂದ ರೈನ್‌ಹೋಲ್ಡ್ ಹೊರಬಂದು ನಿಂತರು. ಅವರು ನಗಲಿಲ್ಲ.

"ನಾಳೆ ಗಾಡಿ ತಗೊಂಡ್ ಬಾ, ಡಾಕ್," ಎಂದರು.

ಮರುದಿನ ಕಣ್ಣು ಮುಚ್ಚಿ ಹನ್ನೆರಡು ಮೈಲಿ ಕೂತರು. ರಿವಾಲ್ವರನ್ನು ವರ್ಷಕ್ಕೆ ಎಷ್ಟು ಸಲ ಬಳಸುತ್ತೀಯ, ಕೂತು ಬಳಸುತ್ತೀಯೋ ನಿಂತೋ ಎಂದು ಕೇಳಿದರು. ಏಳೆಂಟು ಸಲ, ಯಾವಾಗಲೂ ಇಳಿದು ನಿಂತೇ, ಎಂದೆ. ಹಾಗಿದ್ದರೆ ಕೂತಿರುವಾಗ ಅದು ಕೈಗೆ ಸಿಗಬೇಕಾದ ಅಗತ್ಯವೇನು ಎಂದರು. ಅದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅವರು ನನ್ನ ರಿವಾಲ್ವರನ್ನು ಮುಟ್ಟಲೂ ಇಲ್ಲ. ಅಂಗಡಿಯ ಹಿಂಗೋಡೆಯ ತುಂಬ ಮೊಳೆಗಳಿಗೆ ತೂಗುಹಾಕಿದ್ದ ನೀಲಿ ರಬ್ಬರಿನ ಪಿಸ್ತೂಲುಗಳ ಸಾಲಿನಿಂದ ನನ್ನ ರಿವಾಲ್ವರಿನ ಜಾತಿಯದೊಂದನ್ನು ಇಳಿಸಿ, ಒದ್ದೆ ತೊಗಲನ್ನು ಅದರ ಮೇಲೆ ಹೊದಿಸಿ, ಎಲುಬಿನ ತುಂಡಿನಿಂದ ಉಜ್ಜಿ ಉಜ್ಜಿ ಅಚ್ಚು ತೆಗೆದು, ಮೂರೇ ದಿನದಲ್ಲಿ ಸೀಟಿನ ಹಿಂದಿನ ಕಬ್ಬಿಣದ ಗೋಡೆಗೆ ಒರೆಯನ್ನು ಬಿಗಿದುಕೊಟ್ಟರು. ಕುದುರೆಯ ಕಡಿವಾಣದ ಪಟ್ಟಿಯಂಥದೊಂದು ಪಟ್ಟಿ. ಕುದುರೆ ಎಳೆದರೂ ಬಿಚ್ಚದು, ಹೆಬ್ಬೆರಳು ಎಲ್ಲಿ ಒತ್ತಬೇಕೆಂದು ಬಲ್ಲವರಿಗೆ ಮಾತ್ರ ಬಿಚ್ಚುತ್ತದೆ. ಕುದುರೆಯ ಬಳಿ ಸಿಕ್ಕ ವಿದ್ಯೆಯನ್ನು ಅವರು ಹೀಗೆ ಗಾಡಿಗೆ ಬಗ್ಗಿಸಿಕೊಂಡಿದ್ದರು.

ಆರಾಮ ಮತ್ತು ಭದ್ರತೆ ಎಂಬ ಎರಡು ಪದಗಳನ್ನು ಊರಿನವರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಆರಾಮವಾಗಿರಬೇಕು, ಭದ್ರವಾಗಿಯೂ ಇರಬೇಕು, ಅಂಥದೊಂದು ಮಾಡಿಕೊಡು. ರೈನ್‌ಹೋಲ್ಡ್ ಮಾತ್ರ ಅವೆರಡರ ನಡುವಿನ ಹಳೆಯ ವೈರವನ್ನು ಬಲ್ಲವರಾಗಿದ್ದರು. ಅವರು ನನಗೆ ಅಪರೂಪಕ್ಕೆ ಹೇಳಿದ ಉದ್ದನೆಯ ಮಾತು ಇದು: "ತೀರಾ ಆರಾಮಾಗಿದ್ರೆ ಅದು ಅಲ್ಲಿದೆ ಅನ್ನೋದೇ ಮರೀತೀಯ. ಚುಚ್ತಾ ಇದ್ರೆ ತೆಗ್ದು ಸೀಟ್ ಮೇಲಿಡ್ತೀಯ. ಎರಡೂ ಕೆಟ್ಟದ್ದೇ. ಅಲ್ಲಿದೆ ಅಂತ ಗೊತ್ತಿರ್ಬೇಕು, ಆದ್ರೆ ನೋಯಿಸ್ಬಾರ್ದು. ಅಷ್ಟನ್ನ ಹೊಲಿಯೋದು ಕಷ್ಟ."

ತೋಟದಿಂದ ತೋಟಕ್ಕೆ ತಿರುಗಿ ರೋಗಿಗಳನ್ನು ನೋಡುವ ನರ್ಸ್ ಒಬ್ಬಾಕೆಗೆ ಅವರು ಒರೆಯನ್ನೇ ಹೊಲಿದುಕೊಡಲಿಲ್ಲ. ನಿರ್ಜನ ದಾರಿ, ಒಂಟಿ ಹೆಂಗಸು, ಭಯಕ್ಕೆ ಕಾರಣವಿತ್ತು, ಅವರು ಒಪ್ಪಿದರು. ಆದರೆ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಕೂರುತ್ತಾರೆಂದು ತಿಳಿದ ಮೇಲೆ ಉಕ್ಕಿನ ಸಣ್ಣ ಪೆಟ್ಟಿಗೆಯೊಂದನ್ನು ತರಿಸಿ, ಬೆರಳುಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತಿದರಷ್ಟೇ ತೆರೆಯುವ ಬೀಗ ಹಾಕಿಸಿ, ಅದನ್ನು ಗಾಡಿಯ ನೆಲಕ್ಕೆ ಬೋಲ್ಟು ಬಿಗಿದರು. ಇಷ್ಟೆಲ್ಲ ಏಕೆ, ಮಕ್ಕಳಿಗೆ ಎಟುಕದ ಹಾಗೆ ಇಟ್ಟರೆ ಸಾಕು ಎಂದು ಆಕೆ ವಾದಿಸಿದಾಗ ಅವರು ಹೇಳಿದ್ದು ಇಷ್ಟೇ: "ಮಗು ಕೈ ಎಷ್ಟುದ್ದ ಇರುತ್ತೆ ಗೊತ್ತೇನಮ್ಮಾ? ನೀನು ಅಂದ್ಕೊಂಡಿದ್ದಕ್ಕಿಂತ ಯಾವಾಗ್ಲೂ ಒಂದು ಗೇಣು ಜಾಸ್ತಿ."

ಈಗ ಹಾಯ್ಟ್ ಲ್ಯಾಂಡ್ರಮ್‌ನ ವಿಷಯಕ್ಕೆ ಬರಬೇಕು. ರೈನ್‌ಹೋಲ್ಡರನ್ನು ಕುರಿತು ಬರೆಯಲು ಕೂತಾಗಲೆಲ್ಲ ಈ ಭಾಗವನ್ನು ಮುಂದೂಡುತ್ತ ಬಂದಿದ್ದೇನೆ, ಏಕೆಂದರೆ ಇದರಲ್ಲಿ ನನ್ನ ಕೈಯೂ ಇದೆ.

ಹಾಯ್ಟ್ ನನ್ನ ಶಾಲೆಯ ಒಡನಾಡಿ. ಬೆಟ್ಟದ ತಪ್ಪಲಲ್ಲಿ ಅವನ ಅಜ್ಜ ಕಟ್ಟಿದ ದನದ ಹಿಂಡು, ಮುನ್ನೂರ ಹತ್ತು ತಲೆ. ಯಾವ ಹಸು ಯಾವ ಹಸುವಿನ ಮೊಮ್ಮಗಳೆಂಬುದನ್ನು ಪುಸ್ತಕ ನೋಡದೆ ಹೇಳಬಲ್ಲವನಾಗಿದ್ದ. ಹೆಂಡತಿ ಬಹಳ ಹಿಂದೆಯೇ ಅವನನ್ನು ಬಿಟ್ಟು ಬೇರೆ ರಾಜ್ಯಕ್ಕೆ ಹೋಗಿದ್ದಳು. ಅವನಿಗಿದ್ದದ್ದು ಆ ಹಿಂಡು, ಒಂದು ನಾಯಿ. ಇಪ್ಪತ್ತು ವರ್ಷದ ಹಿಂದಿನ ಒಂದು ಅಕ್ಟೋಬರಿನಲ್ಲಿ ಅವನ ಎರಡು ಹಸುಗಳು ತಿಂಗಳು ತುಂಬುವ ಮೊದಲೇ ಕಂದು ಹಾಕಿದವು. ನಾನೇ ಹೋಗಿ ರಕ್ತ ತೆಗೆದೆ, ನಾನೇ ಪ್ರಯೋಗಾಲಯಕ್ಕೆ ಕಳಿಸಿದೆ, ಬಂದ ಉತ್ತರದ ಕೆಳಗೆ ನಾನೇ ಸಹಿ ಹಾಕಿದೆ. ಕಂದುರೋಗ. ಕಾಡಿನ ಎಲ್ಕುಗಳಿಂದ ತಗುಲಿದ್ದಿರಬೇಕು. ಯಾರ ತಪ್ಪೂ ಅಲ್ಲ. ನಿಯಮದ ಪ್ರಕಾರ ಇಡೀ ಹಿಂಡು ಕಸಾಯಿಖಾನೆಗೆ ಹೋಗಬೇಕಾಯಿತು. ನವೆಂಬರಿನ ಎರಡು ಬೆಳಗಿನಲ್ಲಿ ಲಾರಿಗಳು ಬಂದವು. ಹಾಯ್ಟ್ ಒಂದೊಂದು ಹಸುವನ್ನೂ ತಾನೇ ಹಲಗೆಯ ಮೇಲೆ ಹತ್ತಿಸಿದ, ಬಡಿಗೆ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಕೊನೆಯ ಲಾರಿ ಹೊರಟ ಮೇಲೆ ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಹಾಕಿದ. ಒಳಗೆ ಏನೂ ಇರಲಿಲ್ಲವಲ್ಲ, ಆದರೂ ಹಾಕಿದ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವನು ನನ್ನ ಪಕ್ಕದಿಂದಲೇ ನಡೆದು ಮನೆಯೊಳಗೆ ಹೋದ.

ಆಮೇಲೆ ನಾನು ಅವನನ್ನು ತಪ್ಪಿಸಿಕೊಂಡು ಓಡಾಡತೊಡಗಿದೆ. ಅಂಚೆ ಕಚೇರಿಯ ಮುಂದೆ ಅವನ ಬಿಳಿಯ ಪಿಕಪ್ಪು ಕಂಡರೆ ಇನ್ನೊಂದು ಬೀದಿ ಹಿಡಿಯುತ್ತಿದ್ದೆ. ಮೇವು ಹಾಕಬೇಕಾದ ದನವಿಲ್ಲದೆ, ನೀರಿನ ತೊಟ್ಟಿಯಲ್ಲಿ ಒಡೆಯಬೇಕಾದ ಮಂಜುಗಡ್ಡೆಯಿಲ್ಲದೆ, ಅವನು ದಿನವಿಡೀ ಆ ಪಿಕಪ್ಪಿನಲ್ಲಿ ಸುಮ್ಮನೆ ತಿರುಗುತ್ತಿರುತ್ತಾನೆ ಎಂದು ಜನ ಹೇಳುತ್ತಿದ್ದರು. ಡಿಸೆಂಬರಿನ ಮೊದಲ ವಾರ ಅವನು ರೈನ್‌ಹೋಲ್ಡರ ಅಂಗಡಿಗೆ ಹೋದದ್ದು, ಅಲ್ಲಿ ನಡೆದದ್ದು, ಇವೆಲ್ಲ ನನಗೆ ತಿಳಿದದ್ದು ತೀರ ತಡವಾಗಿ, ಅರ್ಧ ಒಟಿಲಿಯಿಂದ, ಅರ್ಧ ರೈನ್‌ಹೋಲ್ಡರಿಂದಲೇ.

ಚಾಲಕನ ಬಲಗೈ ಪಕ್ಕಕ್ಕೇ, ಸೀಟಿಗೆ ಅಂಟಿದಂತೆ ಒಂದು ಒರೆ ಬೇಕೆಂದು ಹಾಯ್ಟ್ ಕೇಳಿದ್ದ. ರೈನ್‌ಹೋಲ್ಡ್ ಎಂದಿನಂತೆ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದರು. ಕಾಲುವೆಯ ಸೇತುವೆಯ ಹತ್ತಿರ, ಅರ್ಧ ದಾರಿಯೂ ಆಗಿರಲಿಲ್ಲ, ಅವರು ಕಣ್ಣು ತೆರೆದರು. ಹಾಗೆ ನಡುದಾರಿಯಲ್ಲಿ ಅವರು ಕಣ್ಣು ತೆರೆದದ್ದು ಅದೊಂದೇ ಸಲ. ಗಾಡಿಯೊಳಗೆ ಸದ್ದೇ ಇರಲಿಲ್ಲ. ದನಗಾರರ ಪಿಕಪ್ಪೆಂದರೆ ಬೇಲಿಯ ಇಕ್ಕಳ, ಸರಪಳಿ, ಮೊಳೆಯ ಡಬ್ಬಿ, ಔಷಧಿಯ ಸೀಸೆ ಒಂದಕ್ಕೊಂದು ಬಡಿದು ಗದ್ದಲವೆಬ್ಬಿಸುವ ಜಾಗ. ಇಲ್ಲಿ ಎಲ್ಲವನ್ನೂ ತೆಗೆದುಹಾಕಿ ಗುಡಿಸಿ ಒರೆಸಿಯಾಗಿತ್ತು. ತಾವು ಕೂತಿದ್ದ ಸೀಟಿನ ಬಟ್ಟೆಯಲ್ಲಿ ನಾಯಿಯ ಕೂದಲು ಮಾತ್ರ ಉಳಿದುಕೊಂಡಿತ್ತು.

ನಾಯಿ ಎಲ್ಲಿ ಎಂದು ಕೇಳಿದರು. ಕೊಟ್ಟುಬಿಟ್ಟೆ, ಅದಕ್ಕಿನ್ನು ಇಲ್ಲಿ ಕೆಲಸವಿಲ್ಲ ಎಂದ ಹಾಯ್ಟ್. ಇನ್ನು ಯಾರು ಕೂರುತ್ತಾರೆ ಎಂದರೆ ಯಾರೂ ಇಲ್ಲ; ಯಾವ ದಾರಿ ಎಂದರೆ ಯಾವ ದಾರಿಯೂ ಇಲ್ಲ.

"ನಿನಗೆ ಯಾರ ಭಯ, ಹಾಯ್ಟ್?"

"ಯಾರದ್ದೂ ಇಲ್ಲ."

"ಮತ್ತೆ ಅದು ಕೈ ಪಕ್ಕಕ್ಕೇ ಯಾಕೆ?"

ಹಾಯ್ಟ್ ರಸ್ತೆಯನ್ನೇ ನೋಡುತ್ತ ಒಂದಷ್ಟು ದೂರ ಓಡಿಸಿದ. "ಹತ್ರ ಇರ್ಲಿ ಅಂತ," ಎಂದ.

ರೈನ್‌ಹೋಲ್ಡರಿಗೆ ಆ ಮೂರು ಶಬ್ದಗಳು ಸಾಕಾದವು. ಆದರೆ ಅವರು ಏನು ಮಾಡಬಲ್ಲವರಾಗಿದ್ದರು? ಸಾಂತ್ವನದ ಮಾತು ಅವರಿಗೆ ಬರುತ್ತಿರಲಿಲ್ಲ. ಬಂದಿದ್ದರೂ, ಎದೆಯೊಳಗಿನದನ್ನು ಇನ್ನೊಬ್ಬ ಗಂಡಸಿನ ಮುಂದೆ ಬಿಚ್ಚುವುದನ್ನು ಬಟ್ಟೆ ಬಿಚ್ಚುವುದಕ್ಕಿಂತ ದೊಡ್ಡ ನಾಚಿಕೆಯೆಂದು ಬಗೆಯುವ ಈ ಸೀಮೆಯಲ್ಲಿ, ಅದನ್ನು ಕೇಳಿಸಿಕೊಂಡು ಹಾಯ್ಟ್ ಮುಖ ತಿರುಗಿಸಿ ಹೊರಟುಹೋಗುತ್ತಿದ್ದ. ಮಾಡಿಕೊಡುವುದಿಲ್ಲ ಎಂದಿದ್ದರೂ ಹೊರಟುಹೋಗುತ್ತಿದ್ದ, ಸೀಟಿನ ಮೇಲೆ ಪಿಸ್ತೂಲನ್ನೂ ಇಟ್ಟುಕೊಂಡು. ಅವರು ಬಲ್ಲದ್ದು ತೊಗಲೊಂದೇ. ಅದನ್ನೇ ಮುಂದೆ ಮಾಡಿದರು.

"ಇರಲಿ, ನೋಡೋಣ. ಪಿಸ್ತೂಲು ಬಿಟ್ ಹೋಗು. ತೊಗಲು ನೆನೆಸಿ ಅದರ ಮೇಲೇ ಒಣಗಿಸ್ಬೇಕು. ಒಂದು ವಾರ ಆಗುತ್ತೆ."

ಹಾಯ್ಟ್ ಅದನ್ನು ಅಂಗಡಿಯ ಮೇಜಿನ ಮೇಲೆ ಬಿಟ್ಟುಹೋದ. ಮುಂದಿನ ಗುರುವಾರ ಬಂದ. ಒಣಗಿರಲಿಲ್ಲ. ಹೇಗೂ ಬಂದಿದ್ದೀಯಲ್ಲ, ಮನೆಯಲ್ಲಿ ಬೇರೆ ಬಂದೂಕುಗಳೇನಿವೆ, ಅವುಗಳ ಒರೆಗಳ ಹೊಲಿಗೆಯೂ ಹಳೆಯದಾಗಿರಬೇಕು, ಬಂದೂಕು ಸಮೇತ ತಂದುಕೊಡು, ಚಳಿಗಾಲದಲ್ಲಿ ನನಗೆ ಕೆಲಸ ಕಡಿಮೆ ಎಂದರು ರೈನ್‌ಹೋಲ್ಡ್. ಅದೇ ಮಧ್ಯಾಹ್ನ ಹಾಯ್ಟ್ ಎರಡು ರೈಫಲುಗಳನ್ನು ತಂದುಕೊಟ್ಟ. ಅದರ ಮುಂದಿನ ಗುರುವಾರವೂ ಒಣಗಿರಲಿಲ್ಲ. ಈ ಸಲದ ತೊಗಲು ಕೊಬ್ಬಿದ ಹೋರಿಯದು, ಎಣ್ಣೆ ಬಿಡುತ್ತಿಲ್ಲ. ಅಥವಾ ಒಲೆ ಸರಿಯಾಗಿ ಉರಿಯುತ್ತಿಲ್ಲ. ಅಥವಾ ಗಾಳಿಯಲ್ಲಿ ತೇವ ಜಾಸ್ತಿ. ತುಟಿ ಬಿರಿದು ರಕ್ತ ಬರುವಷ್ಟು ಒಣಗಿದ ನಮ್ಮ ಚಳಿಗಾಲದ ಗಾಳಿಯಲ್ಲಿ ತೇವ! ಒದ್ದೆ ಕಂಬಳಿ ಹಗ್ಗದ ಮೇಲೆ ಅರ್ಧ ದಿನದಲ್ಲಿ ಹಲಗೆಯಾಗುವ ಊರಿದು. ಹಾಯ್ಟ್ ಬೆಂಚಿನ ಮೇಲೆ ಕೂರುತ್ತಿದ್ದ. ಒಟಿಲಿ ಎಲೆಕೋಸು, ಮಾಂಸ ತುಂಬಿ ಸುಟ್ಟ ಬನ್ನುಗಳನ್ನು ಅವನ ಮುಂದಿಡುತ್ತಿದ್ದಳು. ತಿನ್ನದೆ ಎದ್ದರೆ, "ನಿನ್ನ ಮುಖ ನೋಡಿದ್ರೆ ನನ್ನ ಅಡುಗೆಗೆ ಕೆಟ್ಟ ಹೆಸರು ಬರುತ್ತೆ, ತಿಂದ್ ಹೋಗು" ಎಂದು ಗದರುತ್ತಿದ್ದಳು. ಜನವರಿಯ ಒಂದು ಗುರುವಾರ ರೈನ್‌ಹೋಲ್ಡ್ ಅವನ ಮಡಿಲಿಗೆ ಒಂದು ಹಳೆಯ ಜೀನು ಹಾಕಿ, ಕೂತೇ ಇದ್ದೀಯಲ್ಲ, ಇದರ ಹೊಲಿಗೆ ಬಿಚ್ಚು ಎಂದರು. ಬಿಚ್ಚಿದ ಮೇಲೆ ದಾರಕ್ಕೆ ಮೇಣ ತಿಕ್ಕಲು ಹೇಳಿದರು. ಗುರುವಾರದ ಜೊತೆಗೆ ಸೋಮವಾರವೂ ಸೇರಿಕೊಂಡಿತು.

ಫೆಬ್ರವರಿಯಲ್ಲಿ ನನ್ನ ಔಷಧಿ ಚೀಲದ ಪಟ್ಟಿ ಹರಿಯಿತು. ಬೀದಿಯಲ್ಲಿ ಬಿಳಿಯ ಪಿಕಪ್ಪು ಕಾಣಲಿಲ್ಲವೆಂದು ಧೈರ್ಯವಾಗಿ ಒಳಗೆ ಹೋದರೆ, ಅವನು ಹಿಂದಿನ ಅಂಗಳದಲ್ಲಿ ನಿಲ್ಲಿಸಿದ್ದ; ಬೆಂಚಿನ ಮೇಲೆ, ಮೊಣಕಾಲ ನಡುವೆ ಜೀನು ಇಟ್ಟುಕೊಂಡು ಕೂತಿದ್ದ. ಮೂರು ತಿಂಗಳ ನಂತರ ಮುಖಾಮುಖಿ. ಅಳುಕಿದಾಗ ತಮಾಷೆ ಮಾಡುವುದು ನನ್ನ ಕೆಟ್ಟ ಚಾಳಿ. ಇಲ್ಲೇನು ಮಾಡುತ್ತಿದ್ದೀಯ ಎಂದೆ. ಒರೆಗಾಗಿ ಕಾಯುತ್ತಿದ್ದೇನೆ, ಡಿಸೆಂಬರಿನಿಂದ, ತೊಗಲು ಪಿಸ್ತೂಲಿನ ಮೇಲೇ ಒಣಗಬೇಕಂತೆ ಎಂದ. ನಾನು ಜೋರಾಗಿ ನಕ್ಕುಬಿಟ್ಟೆ.

"ಏನ್ ರೈನ್‌ಹೋಲ್ಡ್, ವಯಸ್ಸಾಯ್ತಾ? ನಂದು ಮೂರು ದಿನಕ್ಕೆ ಕೊಟ್ಟಿದ್ರಿ. ಪಿಸ್ತೂಲು ಯಾಕ್ ಬೇಕು, ಗೋಡೆ ತುಂಬ ನೀಲಿ ರಬ್ಬರಿಂದು ತೂಗುಹಾಕಿದ್ದೀರಲ್ಲ!"

ನನ್ನ ನಗು ಆ ಕೋಣೆಯಲ್ಲಿ ಒಂಟಿಯಾಗಿ ಉಳಿಯಿತು. ಮುಂದಿನ ಕೋಣೆಯಲ್ಲಿ ಒಟಿಲಿಯ ಹೊಲಿಗೆಯಂತ್ರ ನಿಂತಿತು. ರೈನ್‌ಹೋಲ್ಡ್ ತಲೆಯೆತ್ತಲಿಲ್ಲ, ಅವರ ಕೈಯಲ್ಲಿದ್ದ ದಬ್ಬಳ ಮಾತ್ರ ತೊಗಲೊಳಗೆ ಅರ್ಧ ಇಳಿದು ನಿಂತಿತ್ತು. ನಾನು ಏನೋ ಒಂದನ್ನು ಒಡೆದೆನೆಂದು ತಿಳಿಯಿತು, ಯಾವುದನ್ನೆಂದು ತಿಳಿಯಲಿಲ್ಲ. ಹಾಯ್ಟ್ ನಿಧಾನವಾಗಿ ಗೋಡೆಯತ್ತ ತಿರುಗಿ ಆ ನೀಲಿ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಎಡಗಡೆಯಿಂದ ನಾಲ್ಕನೆಯದು ಅವನ ಪಿಸ್ತೂಲಿನ ಪಡಿಯಚ್ಚು.

"ಗೊತ್ತು," ಎಂದ. "ಎರಡನೇ ವಾರಾನೇ ಗೊತ್ತಾಯ್ತು. ರೈಫಲ್ಲೂ ಕೇಳಿದ್ರಲ್ಲ, ಆಗ."

ಅವನು ಮತ್ತೆ ಜೀನಿನ ಮೇಲೆ ಬಾಗಿ, ಬಿಟ್ಟಿದ್ದ ಹೊಲಿಗೆಯನ್ನು ಹುಡುಕಿಕೊಂಡು, ಸೂಜಿ ಚುಚ್ಚಿದ. "ಇನ್ನೂ ಒಣಗಿಲ್ಲ. ಇರ್ಲಿ ಬಿಡು," ಎಂದ.

ಆಗ ನನಗೆ ಎಲ್ಲ ಅರ್ಥವಾಯಿತು. ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತೆ. ಅವನು, ಸೂಜಿಯಿಂದ ಕಣ್ಣೆತ್ತದೆ, ನನ್ನೊಡನೆ ಮಾತಾಡಿದ. "ನಿನ್ ಮೇಲೆ ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ, ಇದೆ. ಆದ್ರೆ ನೀನು ರಕ್ತ ತೆಗೆದವನು, ರೋಗ ತಂದವನಲ್ಲ. ನಂಗದೂ ಗೊತ್ತು." ಮೂರು ತಿಂಗಳಿಂದ ನಾನು ಹುಡುಕುತ್ತಿದ್ದ ಮಾತನ್ನು ಅವನೇ ಆಡಿದ್ದ, ನನಗೆ ತಲೆಯಾಡಿಸುವುದಷ್ಟೇ ಉಳಿದಿತ್ತು. ಒಟಿಲಿ ನನ್ನ ಮುಂದೆ ಕಾಫಿ ತಂದು ಕುಕ್ಕಿದಳು. ಆಕೆಯ ಕಣ್ಣಲ್ಲಿ ನನ್ನನ್ನು ಕೊಂದುಹಾಕುವಷ್ಟು ಕೋಪವಿತ್ತು, ನೀರೂ ಇತ್ತು.

ಹಾಯ್ಟ್ ಹೋದ ಮೇಲೆ ರೈನ್‌ಹೋಲ್ಡ್ ನನ್ನ ಚೀಲದ ಪಟ್ಟಿಯನ್ನು ಕೈಗೆತ್ತಿಕೊಂಡು, ಅದನ್ನೇ ನೋಡುತ್ತ, ಒಂದು ಹಳೆಯ ಸಂಗತಿ ಹೇಳಿದರು. ಹನ್ನೊಂದು ವರ್ಷದ ಹಿಂದೆ, ಗೆಡ್ಡೆ ಬೆಳೆಯುವ ಒಬ್ಬ ಗೃಹಸ್ಥ ಹೀಗೇ ಒಂದು ಒರೆ ಕೇಳಿ ಬಂದಿದ್ದ. ಶಾಂತ ಮನುಷ್ಯ, ಅವಸರವೇನೂ ಮಾಡಲಿಲ್ಲ, ಕೆಲಸದ ಅಂದವನ್ನು ಮೆಚ್ಚಿ ಮಾತಾಡಿದ. ಮೆಚ್ಚುಗೆಯಿಂದ ಉಬ್ಬಿ ಇವರು ಅದಕ್ಕೆ ಅಂಚಿನ ಕೆತ್ತನೆಯನ್ನೂ ಮಾಡಿಕೊಟ್ಟರು. ಹತ್ತು ದಿನದ ನಂತರ ಆ ಮನುಷ್ಯ ನದಿಯ ಪಕ್ಕದ ತಂಗುದಾಣದಲ್ಲಿ, ತನ್ನ ಗಾಡಿಯಲ್ಲಿ, ತಾನೇ ಗುಂಡು ಹಾರಿಸಿಕೊಂಡು ಸತ್ತು ಕೂತಿದ್ದದ್ದು ಕಂಡುಬಂತು.

"ಅದುವರೆಗೆ ಅಷ್ಟು ಚೆನ್ನಾಗಿ ನಾನು ಏನೂ ಹೊಲಿದಿರ್ಲಿಲ್ಲ, ಡಾಕ್," ಎಂದರು. "ಗಿರಾಕಿ ಗಾಡೀಲಿ ಕೂತು ನೋಡ್ಬೇಕು ಅಂತ ಆಗ ಗೊತ್ತಿರ್ಲಿಲ್ಲ."

ಊರಿನವರು ವಿಚಿತ್ರವೆಂದು ನಗುತ್ತಿದ್ದ, ಒಟಿಲಿ ಹಂಗಿಸುತ್ತಿದ್ದ, ನಾನು ಕಸುಬಿನ ಕೌಶಲವೆಂದೇ ತಿಳಿದಿದ್ದ ಆ ಅಭ್ಯಾಸದ ಮೂಲ ಅಲ್ಲಿತ್ತು. ಸೊಂಟ, ಬೆನ್ನು, ತಿರುವುಗಳ ಲೆಕ್ಕವೆಲ್ಲ ನಿಜವೇ. ಆದರೆ ಹನ್ನೊಂದು ವರ್ಷದಿಂದ ಅವರು ಕಣ್ಣು ಮುಚ್ಚಿ ಆಲಿಸುತ್ತಿದ್ದದ್ದು ಇನ್ನೇನನ್ನೋ.

ಏಪ್ರಿಲಿನಲ್ಲಿ, ಸರ್ಕಾರ ಅವನ ನೆಲವನ್ನು ಶುದ್ಧವೆಂದು ಘೋಷಿಸಿದ ಮೇಲೆ, ಹಾಯ್ಟ್ ನಲವತ್ತು ಗಬ್ಬದ ಕಡಸುಗಳನ್ನು ಕೊಂಡು ತಂದ. ರಕ್ತ ತೆಗೆಯಲು ನನ್ನನ್ನೇ ಕರೆದ. ನಾನು ಮೊದಲ ಕಡಸಿಗೇ ರಕ್ತನಾಳ ತಪ್ಪಿ ಚುಚ್ಚಿದ್ದನ್ನು ಕಂಡು, ಸೂಜಿ ಹಿಡಿಯೋದನ್ನ ಬೇಕಾದರೆ ನಾನೇ ಹೇಳಿಕೊಡುತ್ತೇನೆ, ಈಗ ಅಭ್ಯಾಸವಾಗಿದೆ ಎಂದ. ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಹೊಸ ಕಡಸುಗಳ ಅಜ್ಜಿಯರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಬೇಲಿಯ ಮೇಲೆ ಮೊಣಕೈಯೂರಿ ಅಪರಿಚಿತರನ್ನು ನೋಡುವಂತೆ ಅವುಗಳನ್ನು ನೋಡುತ್ತಿದ್ದ. ನಾಯಿಯನ್ನು ವಾಪಸು ಕೇಳಲು ಹೋದವನು, ಅದು ಹೊಸ ಮನೆಯ ಕುರಿಗಳ ಹಿಂದೆ ಓಡುತ್ತಿದ್ದದ್ದನ್ನು ಕಂಡು, ಕೇಳದೆಯೇ ಬಂದ.

ಮೇ ತಿಂಗಳಲ್ಲಿ ಅವನೇ ಒರೆಯ ಮಾತೆತ್ತಿದ. ಕರು ಹಾಕುವ ಕಾಲ, ತೋಳಗಳ ಕಾಟ, ಪಿಸ್ತೂಲು ಬೇಕಿತ್ತು. ರೈನ್‌ಹೋಲ್ಡ್ ಕೋಟು ಹಾಕಿಕೊಂಡು ಅವನ ಗಾಡಿಯಲ್ಲಿ ಹೋಗಿ ಕೂತರು. ಎಲ್ಲಿರಬೇಕು ಎಂದು ಕೇಳಿದರು.

"ಗಾಡಿ ನಿಲ್ಲಿಸ್ಬೇಕು, ಇಳೀಬೇಕು, ಸುತ್ತು ಹಾಕಿ ಬಂದು ಹಿಂದಿನ ಬಾಗ್ಲು ತೆಗೀಬೇಕು," ಎಂದ ಹಾಯ್ಟ್. "ಅಷ್ಟು ದೂರ ಇರ್ಲಿ."

ರೈನ್‌ಹೋಲ್ಡ್ ಅದಕ್ಕೊಂದು ಬೀಗದ ಪೆಟ್ಟಿಗೆಯನ್ನೂ ಸೇರಿಸಿದರು. ಒಳಗಿನ ಒರೆಯನ್ನು ಮಾತ್ರ ಹಾಯ್ಟ್‌ನ ಕೈಯಿಂದಲೇ ಹೊಲಿಸಿದರು. ಹೊಲಿಗೆ ಸೊಟ್ಟ ಹೋಗಿತ್ತು. ಒಂದು ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ ಮನುಷ್ಯ ಅದನ್ನು ಹಾಗೆಯೇ ಬಿಟ್ಟರು.

ಆ ವರ್ಷದ ನವೆಂಬರಿನಲ್ಲಿ, ಲಾರಿಗಳು ಬಂದಿದ್ದ ಅದೇ ವಾರ, ಹಾಯ್ಟ್ ಪಿಸ್ತೂಲು, ರೈಫಲುಗಳನ್ನು ಒಂದು ಕಂಬಳಿಯಲ್ಲಿ ಸುತ್ತಿ ತಂದು ಅಂಗಡಿಯ ಮೇಜಿನ ಮೇಲಿಟ್ಟು, ಎಣ್ಣೆ ಹಾಕಬೇಕಾಗಿದೆ, ಅವಸರವಿಲ್ಲ, ಏಪ್ರಿಲಿಗೆ ಬರುತ್ತೇನೆ ಎಂದನಂತೆ. ರೈನ್‌ಹೋಲ್ಡ್ ಒಳಕೋಣೆಗೆ ಒಂದು ಕಬ್ಬಿಣದ ಬೀರು ತರಿಸಿದರು. ಮರುವರ್ಷವೂ ಬಂದ, ಅದರ ಮರುವರ್ಷವೂ. ಯಾರು ಯಾರಿಗೆ ಹೇಳಿದರೋ ತಿಳಿಯದು, ಹೆಂಡತಿ ತೀರಿಕೊಂಡ ಒಬ್ಬ, ಯುದ್ಧದಿಂದ ಮರಳಿದ ಒಬ್ಬ, ಎಣ್ಣೆ ಹಾಕಬೇಕೆಂದು ತಮ್ಮ ಬಂದೂಕು ತಂದಿಡತೊಡಗಿದರು. ಬೀರು ತುಂಬಿದ ವರ್ಷಗಳೂ ಉಂಟು. ನಮ್ಮ ಊರಿನಲ್ಲಿ ಪಿಸ್ತೂಲಿಗೆ ಎಣ್ಣೆ ಹಾಕಲು ಐದು ತಿಂಗಳು ಹಿಡಿಯುತ್ತದೆ ಎಂಬುದನ್ನು ಈವರೆಗೆ ಯಾರೂ ಪ್ರಶ್ನಿಸಿಲ್ಲ.

ನಲವತ್ತು ವರ್ಷ ಈ ಬಯಲಿನ ರಸ್ತೆಗಳಲ್ಲಿ ಓಡಾಡಿ ನಾನು ಬಗೆಬಗೆಯ ಹಿತೈಷಿಗಳನ್ನು ಕಂಡಿದ್ದೇನೆ. ಒಳ್ಳೆಯ ಮಾತಾಡುವವರಿದ್ದಾರೆ, ಪ್ರಾರ್ಥಿಸುವವರಿದ್ದಾರೆ, ಸರಿಯಾದ ಕಾಗದಕ್ಕೆ ಸರಿಯಾದ ಸಹಿ ಹಾಕಿ ಮನೆಗೆ ಹೋಗುವ ನನ್ನಂಥವರಿದ್ದಾರೆ. ಇವರೆಲ್ಲರ ನಡುವೆ, ಎಣಿಕೆಗೆ ಸಿಕ್ಕದಷ್ಟು ವಿರಳವಾಗಿ, ಇನ್ನೊಂದು ಜಾತಿಯ ಜನರಿದ್ದಾರೆ. ದುಃಖವನ್ನು ಹೆಸರು ಹಿಡಿದು ಕರೆಯಲು ಅವರಿಗೆ ಬಾರದು. ಕರುಣೆಯನ್ನು ಬರಿಗೈಯಿಂದ ನೀಡಲು ಸಂಕೋಚ. ಆದ್ದರಿಂದ ಅವರು ತಮ್ಮ ಕಸುಬನ್ನೇ ನಡುವೆ ತಂದಿಡುತ್ತಾರೆ. ಮನುಷ್ಯನಿಗೂ ಅವನ ಅತ್ಯಂತ ಕೆಟ್ಟ ಗಳಿಗೆಗೂ ನಡುವೆ ಒಂದು ವಾರ, ಇನ್ನೊಂದು ವಾರ, ಒಂದು ಬಾಗಿಲು, ಒಂದು ಬೀಗ, ಮಾಡಿ ಮುಗಿಯದ ಒಂದು ಸಣ್ಣ ಕೆಲಸ, ಇಷ್ಟನ್ನು ನೂಕಿ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಅಷ್ಟೇ ಬೇಕಾಗಿರುತ್ತದೆ. ಒಬ್ಬನನ್ನು ಉಳಿಸಿದೆವೆಂದು ಅವರು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಒತ್ತಾಯಿಸಿ ಕೇಳಿದರೆ, ಆ ವರ್ಷ ಕೆಲಸ ಸ್ವಲ್ಪ ತಡವಾಯಿತು ಎಂದಷ್ಟೇ ಹೇಳಿಯಾರು.